ಹೆಣ ನಗಬೇಕಿತ್ತು

“ಸಾರ್, ಒಂದು ನಗೋ ಶಾಟ್ ತಗಂಡ್ಬಿಡ್ರಿ,” ಎಂದ ದುರುಗಣ್ಣ, ಚಟ್ಟದ ಮೇಲೆ ಮಲಗಿದ್ದ ಹಾಗೇ. ಮೂಗಿಗೆ ತುರುಕಿದ್ದ ಹತ್ತಿಯಿಂದಾಗಿ ಅವನ ದನಿ ಕೊಡದೊಳಗಿಂದ ಬಂದಂತಿತ್ತು. “ಈ ಕ್ಯಾಮೆರಾ ನನ್ನ ಹೆಣ ಅಂತ ನೋಡೈತೆ. ಅದರ ಮುಂದೇನೇ ಎದ್ದು ನಕ್ಕುಬಿಟ್ರೆ ದೋಷ ಕಳೀತೈತೆ. ಬಯಲಾಟದಾಗೂ ಸತ್ತೋನು ಎದ್ದು ಕುಣಿದೇ ಮನೆಗೆ ಹೋಗೋದು.”

ವಿನೋದ್ ನಕ್ಕ. ಮೈಸೂರಿನಿಂದ ಸಿನಿಮಾ ಮಾಡಲು ಬಂದಿದ್ದ ಈ ನಿರ್ದೇಶಕನ ನಗು ದೊಡ್ಡದು. ಗುಡ್ಡದ ಮೇಲಿನ ಗಾಳಿಯಂತ್ರಗಳ ಸದ್ದನ್ನೂ ಮೀರಿ ಅದು ಹಿರೇಗುಂಟನೂರಿನ ಸ್ಮಶಾನದ ಬಂಡೆಗಳಿಗೆ ಬಡಿದು ವಾಪಸು ಬಂತು. ಮಧ್ಯಾಹ್ನದಿಂದ ಅವನು “ಹೊಟ್ಟೆ ಅಲ್ಲಾಡ್ತಿದೆ ದುರುಗಣ್ಣ, ಒನ್ ಮೋರ್” ಎಂದು ಕಿರುಚಿ ಕಿರುಚಿ ಗಂಟಲು ಹರಿದುಕೊಂಡಿದ್ದ. ಬೆಳಕು ಇಳಿಯುತ್ತಿತ್ತು. ಇದ್ದ ಒಂದೇ ಬ್ಯಾಟರಿ ಕೆಂಪು ತೋರಿಸುತ್ತಿತ್ತು. ತೋಡಿಸಿಟ್ಟ ಗುಂಡಿಯ ಶಾಟ್ ಇನ್ನೂ ಬಾಕಿಯಿತ್ತು.

“ನಗೋಕೆಲ್ಲ ಬ್ಯಾಟರಿ ಇಲ್ಲ. ಹೆಣ ಹೆಣದ ಹಾಗಿರಲಿ ಬಿಡಿ.”

ದುರುಗಣ್ಣ ಸುತ್ತಲಿನ ಊರುಗಳ ಬಯಲಾಟದಲ್ಲಿ ಸಾರಥಿಯೆಂಬ ಹಾಸ್ಯದ ವೇಷ ಹಾಕಿ, ನೆರೆದವರ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದ ಮನುಷ್ಯ. ಅವತ್ತು ಹತ್ತಿ ಕಿತ್ತು ಬಿಸಾಕಿ, ಲುಂಗಿ ಕೊಡವಿಕೊಂಡು, ನಗದೆ ಮನೆಗೆ ಹೋದ.

ಕೈಯಲ್ಲಿ ಕಾಸಿಲ್ಲದೆ ಸಿನಿಮಾಕ್ಕೆ ಇಳಿದವರ ಗೋಳೇ ಇಷ್ಟು: ಸುಳ್ಳಿನ ವಸ್ತುವಿಗೆ ಬಾಡಿಗೆ ಕೊಡಬೇಕು, ನಿಜವಾದದ್ದು ಬಿಟ್ಟಿ ಸಿಗುತ್ತದೆ. ಕತೆ ಮಾಟಕ್ಕೆ ಬಲಿಯಾದವನದು. ಬಿದಿರಿನ ಚಟ್ಟ ನಿಜದ್ದು, ಸ್ಮಶಾನ ನಿಜದ್ದು. ರಾಗಿಹಿಟ್ಟಿನ ಗೊಂಬೆಗೆ ಕಟ್ಟಿದ್ದು ದುರುಗಣ್ಣನ ನೆತ್ತಿಯಿಂದಲೇ ಕತ್ತರಿಸಿದ ಕೂದಲು. ಮಂತ್ರ ಬರೆದುಕೊಡುವವರು ಯಾರೂ ಇಲ್ಲದ್ದಕ್ಕೆ ಶ್ರೀರಾಂಪುರದ ಕಡೆಯ ಒಬ್ಬ ಮುದುಕನನ್ನು ಹಿಡಿದು ಅವನಿಗೆ ಬರುತ್ತಿದ್ದುದನ್ನೇ ಹೇಳಿಸಿದ್ದರು. ಯಾರ ಹೆಸರಿಗೆ ಎಂದು ಮುದುಕ ಕೇಳಿದಾಗ, ಆ ಗಡಿಬಿಡಿಯಲ್ಲಿ ವಿನೋದನಿಗೆ ಪಾತ್ರದ ಹೆಸರು ನೆನಪಾಗಲಿಲ್ಲ. ದುರುಗಣ್ಣನ ಹೆಸರನ್ನೇ ಹೇಳಿಬಿಟ್ಟ. ಆಮೇಲೆ ಡಬ್ಬಿಂಗಿನಲ್ಲಿ ಸರಿಮಾಡಿಕೊಂಡರಾಯಿತು ಎಂದುಕೊಂಡಿದ್ದ.

ಹೊಸದುರ್ಗದ ಲಾಡ್ಜಿನ ಕೋಣೆಯಲ್ಲಿ ಎಡಿಟಿಂಗ್ ಶುರುವಾಯಿತು. ಪಕ್ಕದ ಮಿಲ್ಲಿನಿಂದ ಕಾರದಪುಡಿಯ ಘಾಟು, ಬಚ್ಚಲಿನ ನಾತ, ಬಿಸಿಯೇರಿದ ಲ್ಯಾಪ್‌ಟಾಪು. ಚಟ್ಟದ ದೃಶ್ಯ ತೆರೆದಾಗ ವಿನೋದ್ ಹಣೆ ಚಚ್ಚಿಕೊಂಡ. ಅಷ್ಟು ಬಡಿದಾಡಿದರೂ ಹೆಣದ ಹೊಟ್ಟೆ ಏರಿಳಿಯುತ್ತಿತ್ತು. ಸಿನಿಮಾ ನಿಂತದ್ದೇ ಈ ಶಾಟಿನ ಮೇಲೆ. ಜನ ಇಲ್ಲಿ ನಕ್ಕರೆ ಎಲ್ಲವೂ ಹೋದಂತೆ. ಬೇರೆ ದೃಶ್ಯಗಳನ್ನು ಮುಗಿಸಿ ಕೆಲವು ದಿನಗಳ ಮೇಲೆ ಮತ್ತೆ ಅದನ್ನು ತೆರೆದ. ಅಲುಗಾಟ ಅಷ್ಟೇನೂ ಇರಲಿಲ್ಲ. ಮೊದಲ ಸಲ ಸಿಟ್ಟಿನಲ್ಲಿ ನೋಡಿದ್ದೆ ಎಂದುಕೊಂಡ. ಇನ್ನೊಂದು ದಿನ ತೆರೆದಾಗ ಎದೆಯಲ್ಲಷ್ಟೇ ಸಣ್ಣ ಮಿಸುಕು. ಶಾಟ್ ತಾನಾಗಿಯೇ ಸುಧಾರಿಸುತ್ತಿತ್ತು, ಅವನಿಗೆ ಖುಷಿಯಾಯಿತು.

ಆ ಸಂಜೆ ಕೊಟ್ರೇಶ್ ಫೋನ್ ಮಾಡಿದ. ಹೊಳಲ್ಕೆರೆಯಲ್ಲಿ ಮದುವೆ ವಿಡಿಯೋ ತೆಗೆಯುವವನು. ಈ ಚಿತ್ರಕ್ಕೆ ಅವನದೇ ಕ್ಯಾಮೆರಾ. ದುರುಗಣ್ಣ ಹಾಸಿಗೆ ಹಿಡಿದಿದ್ದಾನೆ ಎಂದ. ಚಿತ್ರದುರ್ಗದ ಡಾಕ್ಟರಿಗೆ ಯಾವ ಕಾಯಿಲೆಯೂ ಸಿಕ್ಕಿಲ್ಲ; ಉಸಿರು ಮಾತ್ರ ದಿನಕ್ಕಿಷ್ಟು ಕಡಿಮೆಯಾಗುತ್ತಿದೆ.

ವಿನೋದ್ ಮತ್ತೆ ಆ ದೃಶ್ಯ ತೆರೆದ. ಎದೆ ನಿಂತಿತ್ತು. ಗಂಟಲ ಗುಳಿಯಲ್ಲಿ ಒಂದು ನರ ಮಾತ್ರ ಮಿಡಿಯುತ್ತಿತ್ತು. ಅದನ್ನು ಕಂಡು ಅವನ ಮನಸ್ಸಿಗೆ ಮೊದಲು ಬಂದದ್ದು ಭಯವಲ್ಲ. ಅಬ್ಬ, ಈಗ ಸರಿಯಾಯಿತು ಎಂದುಕೊಂಡ. ಮರುಕ್ಷಣವೇ ತಾನು ಏನನ್ನು ಅಂದುಕೊಂಡೆ ಎಂಬುದು ಅರಿವಾಗಿ, ಲ್ಯಾಪ್‌ಟಾಪು ಮುಚ್ಚಿ, ಕ್ಯಾಮೆರಾ ತಗೊಂಡು ಬಾ ಎಂದು ಕೊಟ್ರೇಶನಿಗೆ ಫೋನ್ ಮಾಡಿದ.

ಬೆಳಗಾಗುತ್ತಲೇ ಅವನೂ ಕೊಟ್ರೇಶನೂ ಹಿರೇಗುಂಟನೂರಿಗೆ ಹೋದರು. ಮನೆಯೊಳಗೆ ಬೇವಿನ ಹೊಗೆ. ಅದರಡಿಯಲ್ಲಿ ಇನ್ನೊಂದು ವಾಸನೆ: ಶೂಟಿಂಗ್ ದಿನದ ಚೆಂಡುಹೂವು, ಹತ್ತಿ, ಊದುಬತ್ತಿ. ದುರುಗಣ್ಣ ಚಾಪೆಯ ಮೇಲೆ ಚಟ್ಟದ ಮೇಲಿದ್ದಂತೆಯೇ ಮಲಗಿದ್ದ. ಹೆಂಡತಿ ಉಚ್ಚಂಗಮ್ಮ ಬೈಯುತ್ತಾಳೆ ಎಂದುಕೊಂಡಿದ್ದ ವಿನೋದ್. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ನೀರು ತಂದುಕೊಟ್ಟಳು.

“ಅವತ್ತೇ ಬಂದು ಹೇಳಿದ್ರು ನಮ್ಮನೆಯವ್ರು, ಪಾಪ ಸಾರತ್ರ ಬ್ಯಾಟರಿ ಇರ್ಲಿಲ್ಲ ಕಣೇ ಅಂತ.”

ವಿನೋದ್ ಲೋಟವನ್ನು ಹಾಗೇ ಕೆಳಗಿಟ್ಟ. ಅವತ್ತು ಬಿಟ್ಟ ನಗೋ ಶಾಟ್ ತೆಗೆಯಲು ಕೊಟ್ರೇಶ್ ಕ್ಯಾಮೆರಾ ಹೂಡಿದ. ಹಿಂದಿನ ದಿನ ಒಂದು ನಿಶ್ಚಿತಾರ್ಥ ತೆಗೆದು ಮುಗಿಯುತ್ತ ಬಂದಿದ್ದ ಬ್ಯಾಟರಿ, ಬೆಳಗಿಂದ ಕರೆಂಟೂ ಇರಲಿಲ್ಲ. ಬೇಗ ಆಗಲಿ ಎಂದು ಕಣ್ಣಲ್ಲೇ ಹೇಳಿದ. ವಿನೋದ್ ತನಗೆ ಬರುವ ಜೋಕುಗಳನ್ನೆಲ್ಲ ಹೇಳಿದ. ಮುಖ ಸೊಟ್ಟ ಮಾಡಿದ, ಕುಣಿದ. ದುರುಗಣ್ಣನ ತುಟಿ ಕದಲಲಿಲ್ಲ. ಕೊನೆಗೆ ಅವನೇ ಬಾಯಿಬಿಟ್ಟ. ದನಿ ಕೇಳಲು ಎಲ್ಲರೂ ಬಗ್ಗಬೇಕಾಯಿತು.

“ನೀವು ಮಲಗ್ರಿ ಸಾರ್. ನಾನು ಆಕ್ಷನ್ ಅಂತೀನಿ.”

ವಿನೋದ್ ಪಕ್ಕದಲ್ಲೇ ನೆಲದ ಮೇಲೆ ಮಲಗಿದ. ಮೂಗಿಗೆ ಹತ್ತಿ ತುರುಕಿಕೊಂಡ. ಕೊಟ್ರೇಶನ ಚೀಲದಲ್ಲೇ ಉಳಿದಿದ್ದ ಮಾಟದ ಗೊಂಬೆಯನ್ನೂ ಎದೆಯ ಮೇಲೆ ಇಟ್ಟುಕೊಂಡ, ಅಷ್ಟಾದರೂ ನಗು ಬರಲೆಂದು. ಒಣಗಿ ಬಿರಿದಿದ್ದ ಗೊಂಬೆ. ಎದೆಗೆ ತಾಗಿದ್ದೇ ಮೆತ್ತಗಾಯಿತು. ಬೆಚ್ಚಗಾಯಿತು. ಆಮೇಲೆ ಭಾರ. ಯಾರೋ ಎದೆಯ ಮೇಲೆ ಮೊಣಕಾಲೂರಿದಷ್ಟು ಭಾರ. ಕೂಗಬೇಕೆಂದುಕೊಂಡ. ಆಗಲಿಲ್ಲ.

“ಆಕ್ಷನ್,” ಎಂದ ದುರುಗಣ್ಣ. ಸ್ವಲ್ಪ ಹೊತ್ತು ನೋಡಿದ. “ಹೊಟ್ಟೆ ಅಲ್ಲಾಡ್ತೈತೆ ಸಾರ್. ಒನ್ ಮೋರ್.”

ತನ್ನ ಮಾತಿಗೆ ತಾನೇ ನಕ್ಕುಬಿಟ್ಟ. ಮೊದಲು ಕೆಮ್ಮಿನಂತೆ, ಆಮೇಲೆ ಗೊಗ್ಗರು ನಗು, ಕಣ್ಣಲ್ಲಿ ನೀರು ಬರುವಷ್ಟು. ಮೈಗೆ ಬಣ್ಣ ಮರಳಿತು. ಎದ್ದು ಕೂತು ಗಂಜಿ ಕೇಳಿದ. ಉಚ್ಚಂಗಮ್ಮ ಸೆರಗು ಬಾಯಿಗೊತ್ತಿಕೊಂಡು ಅಳುತ್ತ ಒಲೆಯ ಕಡೆ ಓಡಿದಳು.

ವಿನೋದ್ ಗೊಂಬೆಯನ್ನು ತಳ್ಳಿ ಎದ್ದ. ಎದೆಯ ಭಾರ ಮಾತ್ರ ಅಲ್ಲೇ ಇತ್ತು.

“ಕೊಟ್ರೇಶ್, ಫ್ರೇಮಲ್ಲಿ ನಾನೂ ಇದ್ದೆನಾ?”

“ಇದ್ರಿ ಸಾರ್.” ಕೊಟ್ರೇಶನ ಮುಖ ಬಿಳಿಚಿಕೊಂಡಿತ್ತು. “ನೀವು ಎದ್ದಿದ್ದು ಬಂದಿಲ್ಲ, ಅಷ್ಟೊತ್ತಿಗೆ ಬ್ಯಾಟರಿ ಹೋತು.”

ಕರೆಂಟ್ ಬಂದು, ಬ್ಯಾಟರಿ ಇಷ್ಟೇ ಇಷ್ಟು ತುಂಬುವಷ್ಟರಲ್ಲಿ ಮತ್ತೆ ಹೋಯಿತು. ಮಧ್ಯಾಹ್ನ ಕ್ಯಾಮೆರಾ ಎದುರು ವಿನೋದ್ ಕೂತ. ನಗಬೇಕು, ಅಷ್ಟೇ. ಬಾಯಿ ತೆರೆದ. ಸದ್ದು ಹೊರಡಲಿಲ್ಲ. ಮತ್ತೆ ತೆರೆದ. ಬರೀ ಗಾಳಿ. ಬಂಡೆಗೆ ಬಡಿದು ಬರುತ್ತಿದ್ದ ಆ ನಗು ಎಲ್ಲಿ ಹೋಯಿತೋ.

ದುರುಗಣ್ಣ ಗೋಡೆ ಹಿಡಿದು ಎದ್ದು, ಟವೆಲ್ಲನ್ನು ತಲೆಗೆ ಸುತ್ತಿ ಸಾರಥಿಯಾದ. ರಾಜನನ್ನು ಅಣಕಿಸಿದ, ರಾಣಿಯಾಗಿ ನಾಚಿದ, ಕಾಲಿಗೆ ಕಾಲು ಸಿಕ್ಕಿಸಿಕೊಂಡು ಬಿದ್ದ. ಬಾಗಿಲಲ್ಲಿ ಸೇರಿದ ಕೇರಿಯ ಹೆಂಗಸರು ನಕ್ಕರು. ಉಚ್ಚಂಗಮ್ಮನೂ ನಕ್ಕಳು. ವಿನೋದನಿಗೆ ಕಾಣುತ್ತಿದ್ದುದು ಚಟ್ಟದ ಮೇಲಿಂದ ಬೇಡಿಕೊಂಡ ಆ ಮುಖ ಮಾತ್ರ. ನಿಂತ ಎದೆಯನ್ನು ಕಂಡು ಖುಷಿಪಟ್ಟವನು ತಾನು. ಇವನ ಎದುರು ಹೇಗೆ ನಗುವುದು? ಕಣ್ಣಿಂದ ನೀರು ಸುರಿಯಿತು. ನಗು ಬರಲಿಲ್ಲ.

“ಬೆಳಗಿನ ಶಾಟ್ ತೋರಿಸು,” ಎಂದ ವಿನೋದ್. ಕೊಟ್ರೇಶ್ ಬೇಡವೆಂದರೂ ಬಿಡಲಿಲ್ಲ. ಸಣ್ಣ ಪರದೆಯಲ್ಲಿ ದುರುಗಣ್ಣ ನಗುತ್ತಿದ್ದ. ಹಿಂದೆ, ನೆಲದ ಮೇಲೆ, ಹತ್ತಿ ತುರುಕಿಕೊಂಡ ವಿನೋದ್. ಅವನ ಹೊಟ್ಟೆ ಅಲುಗುತ್ತಿರಲಿಲ್ಲ. ಎದೆಯಲ್ಲಷ್ಟೇ ಸಣ್ಣ ಮಿಸುಕಿತ್ತು.

ದುರುಗಣ್ಣ ಹತ್ತಿರ ಬಂದು ಅವನ ಬೆನ್ನು ಸವರಿದ.

“ಹೆದರಬ್ಯಾಡ್ರಿ ಸಾರ್. ನನ್ನತ್ರ ಇನ್ನೂ ವೇಷ ಅವೆ. ಬ್ಯಾಟರಿ ಐತೇನೋ ಕೊಟ್ರೇಶಾ?”

ಕೊಟ್ರೇಶ್ ಬ್ಯಾಟರಿಯ ಕೆಂಪು ದೀಪದ ಮೇಲೆ ಹೆಬ್ಬೆರಳು ಮುಚ್ಚಿ, ಐತೆ ಎಂದ.