ನಾಲಿಗೆಯಿಲ್ಲದ ರಾಜಕುಮಾರ

ಗಿಳಿಬಾಗಿಲ ಮನೆಯ ಹೊಸ್ತಿಲು ದಾಟುವಾಗ ಪ್ರಮೀಳಾ ಬೇಕೆಂದೇ ಎಡಗಾಲಿಟ್ಟಳು.

ಸೇರಕ್ಕಿ ಒದ್ದು, ಬಲಗಾಲಿಟ್ಟು, ಸೊಸೆಯಾಗಿ ಬರಬೇಕೆಂದು ಕನಸು ಕಂಡಿದ್ದ ಮನೆ ಅದು. ಈಗ ಸೆರಗಿಗೆ ಗೈಡ್ ಎಂಬ ಬ್ಯಾಡ್ಜು ಚುಚ್ಚಿಕೊಂಡು, ಬೆನ್ನ ಹಿಂದೆ ಒಂದು ಬಸ್ಸಿನಷ್ಟು ಜನರನ್ನು ಕಟ್ಟಿಕೊಂಡು ಬಂದಿದ್ದಳು.

ತೊಂಬತ್ತಾರರ ಆ ನವೆಂಬರಿನಲ್ಲಿ ಶ್ರೀರಂಗಪಟ್ಟಣದ ಸಂಘವೊಂದು, ಹೊರಗಿನವರು ಎಂದೂ ಒಳಗೆ ಕಾಣದ ಹಳೆಯ ಮನೆಗಳನ್ನೂ ಕಟ್ಟಡಗಳನ್ನೂ ಒಂದು ವಾರ ಊರಿಗೆಲ್ಲ ತೆರೆಸಿತ್ತು. ಟಿಕೆಟ್ಟಿಲ್ಲ, ಯಾರು ಬೇಕಾದರೂ ಬಂದು ನೋಡಬಹುದು. ಬಿ.ಎ. ಮುಗಿಸಿದ ಹುಡುಗ ಹುಡುಗಿಯರು ವಿವರ ಹೇಳಿ ತೋರಿಸಬೇಕು. ಯಾರಿಗೆ ಯಾವ ಮನೆ ಎಂದು ಹಂಚುವಾಗ ಪ್ರಮೀಳಾ ಇದೊಂದನ್ನೇ ಕೇಳಿ ತೆಗೆದುಕೊಂಡಳು.

ತೊಟ್ಟಿಯ ಆಚೆ, ಕಂಬಕ್ಕೊರಗಿ ದಿಲೀಪ ನಿಂತಿದ್ದ. ಅವಳನ್ನು ಕಂಡದ್ದೇ ಕೈಯಲ್ಲಿದ್ದ ಚೆಂಬು ಓರೆಯಾಗಿ, ಬಂದವರಿಗೆಂದು ತಂದ ಮಜ್ಜಿಗೆ ಅವನ ಪಾದದ ಮೇಲೆ ಚೆಲ್ಲಿತು. ಚೆಲ್ಲಿದ್ದು ಅವನಿಗೆ ತಿಳಿಯಲೂ ಇಲ್ಲ. ಪ್ರಮೀಳಾಗೆ ತಿಳಿಯಿತು. ತಿಳಿದು ಹೊಟ್ಟೆಯೊಳಗೆ ತಣ್ಣಗಾಯಿತು.

ಮಾಘಮಾಸದಲ್ಲಿ ಅವನೂ ಅವನ ತಾಯಿ ಸೋಮಮ್ಮನೂ ಕಿರಂಗೂರಿಗೆ ಹೆಣ್ಣು ನೋಡಲು ಬಂದಿದ್ದರು. ಉಪ್ಪಿಟ್ಟು, ಕೇಸರಿಬಾತು ತಿಂದರು. ಪ್ರಮೀಳಾ ಕಾಫಿ ಕೊಡುವಾಗ ದಿಲೀಪ, ಸಕ್ಕರೆ ಹಾಕಿದೀರಾ ಎಂದು ಕೇಳಿದ. ಹಾಕಿದೀನಿ ಅಂದಳು. ‘ಹಾಕ್ದೆ ಇದ್ರೂ ನಡೀತಿತ್ತು’ ಎಂದು ಅವಳಿಗಷ್ಟೇ ಕೇಳುವಂತೆ ಹೇಳಿ, ಕಣ್ಣಲ್ಲೇ ನಕ್ಕ. ಆ ಒಂದು ಮಾತಿನ ಮೇಲೆ ಅವಳು ಎಷ್ಟು ಅಂತಸ್ತಿನ ಅರಮನೆ ಕಟ್ಟಿದಳೋ, ಲೆಕ್ಕವಿಲ್ಲ.

ಹೊರಡುವಾಗ ಸೋಮಮ್ಮ, ಊರಿಗೆ ಹೋಗಿ ಹೇಳಿ ಕಳಿಸ್ತೀವಿ ಅಂದರು. ಅಷ್ಟೇ. ಯುಗಾದಿ ಹೋಯಿತು, ಗೌರಿಹಬ್ಬ ಹೋಯಿತು. ಹೂಂ ಇಲ್ಲ, ಊಹೂಂ ಇಲ್ಲ. ಆಮೇಲೆ ನಾಗಮಂಗಲದ ಕಡೆಯಿಂದ ಬಂದ ಇನ್ನೊಂದು ಸಂಬಂಧದವರು, ಪಟ್ಟಣದೋರು ಯಾಕೆ ಬುಟ್ರು ಎಂದು ಜಗಲಿಯಲ್ಲೇ ವಿಚಾರಿಸಿ, ಕಾಫಿ ಕುಡಿಯದೆ ಎದ್ದರು. ಅವತ್ತು ಪ್ರಮೀಳಾ, ಹೆಣ್ಣು ತೋರಿಸಲು ಉಟ್ಟಿದ್ದ ಹಸಿರು ರೇಷ್ಮೆ ಸೀರೆಯನ್ನು ಪೆಟ್ಟಿಗೆಯ ತಳಕ್ಕೆ ಒತ್ತಿ, ಅದರ ಮೇಲೆ ಸೇಡನ್ನು ಮಡಿಸಿಟ್ಟಳು.

ಅಜ್ಜಿ ಚಿಕ್ಕಬೋರಮ್ಮನ ತೊಡೆಯ ಮೇಲೆ ಕಥೆ ಕೇಳಿ ಬೆಳೆದವಳು ಅವಳು. ಆ ಕಥೆಗಳಲ್ಲಿ ಹೆಣ್ಣುಮಕ್ಕಳು ಸೇಡಿಗೆ ಕತ್ತಿ ಹಿಡಿಯುತ್ತಿರಲಿಲ್ಲ. ಊರ ನಡುವೆ ನಿಂತು ಒಂದು ಕಥೆ ಹೇಳುತ್ತಿದ್ದರು, ಕೇಳಿದವನು ತಾನೇ ಕರಗುತ್ತಿದ್ದ.

ಪ್ರಮೀಳಾ ಬಂದವರನ್ನು ಬಾಗಿಲ ಮುಂದೆ ನಿಲ್ಲಿಸಿ, ಬಾಗಿಲವಾಡದ ಎರಡು ಬದಿಯಲ್ಲಿ ಕೆತ್ತಿದ್ದ ಮರದ ಗಿಳಿಗಳನ್ನು ತೋರಿಸಿದಳು. “ಈ ಮನೇಲಿ ಒಬ್ಬ ರಾಜಕುಮಾರ ಇದ್ದನಂತೆ. ಮೀಸೆ ಇತ್ತು, ಎತ್ತರ ಇತ್ತು, ಹೊಲ ಗದ್ದೆ ಇತ್ತು. ನಾಲಿಗೆ ಒಂದು ಇರ್ಲಿಲ್ಲ. ಅದನ್ನ ಈ ಗಿಳಿಗೆ ಸಾಲ ಕೊಟ್ಟುಬಿಟ್ಟಿದ್ದ. ಒಂದು ಹುಡುಗಿ ಮನೇಲಿ ಉಪ್ಪಿಟ್ಟು ತಿಂದು ಬಂದ. ಒಪ್ಪಿದೀನಿ ಅನ್ನೋಕೂ ನಾಲಿಗೆ ಇಲ್ಲ, ಬೇಡ ಅನ್ನೋಕೂ ಇಲ್ಲ.”

ಜನ ನಕ್ಕರು. ಕಂಬದ ಬಳಿ ದಿಲೀಪನ ಕಿವಿ ಕೆಂಪಾಯಿತು.

ಮರುದಿನ ಅವಳು ರಾಜಕುಮಾರನಿಗೆ ಬೆನ್ನುಮೂಳೆಯೂ ಇಲ್ಲದಂತೆ ಮಾಡಿದಳು. ಅದರ ಮಾರನೆಯ ದಿನ, ಅವನು ಅಮ್ಮನ ಸೆರಗಿನ ಗಂಟಿನಲ್ಲಿ ಕಟ್ಟಿಟ್ಟ ಅಡಿಕೆಯಾದ. ಪಾಂಡವಪುರದಿಂದ, ಕೆ.ಆರ್. ಪೇಟೆಯಿಂದ ಜನ ಬರತೊಡಗಿದರು. ಮನೆ ನೋಡಲಲ್ಲ, ಕಥೆ ಕೇಳಲು. ದಿಲೀಪ ಹಾಲಿನ ಡೈರಿಯ ಕೆಲಸವನ್ನು ಬೇಗ ಮುಗಿಸಿ, ದಿನವೂ ಅದೇ ಕಂಬದ ಬಳಿ ಬಂದು ನಿಂತು, ತನ್ನ ಮಾನ ಹೋಗುವುದನ್ನು ಕೊನೆಯ ಮಾತಿನವರೆಗೂ ಕೇಳುತ್ತಿದ್ದ. ಆಮೇಲೆ ಎಲ್ಲರಿಗೂ ಮಜ್ಜಿಗೆ ಕೊಟ್ಟು, ಅವಳ ಮುಂದೆಯೂ ಲೋಟ ಹಿಡಿಯುತ್ತಿದ್ದ. ಅವಳು ಲೋಟವನ್ನು ನೋಡುತ್ತಿರಲಿಲ್ಲ. ಹಿಡಿದ ಬೆರಳುಗಳನ್ನು ಮಾತ್ರ, ಅರೆಗಳಿಗೆ, ನೋಡುತ್ತಿದ್ದಳು.

ಒಮ್ಮೆ ಅವನು ಜನರ ನಡುವಿನಿಂದಲೇ ಕೇಳಿದ. “ಕೊನೇಗೆ ಆ ರಾಜಕುಮಾರಂಗೆ ನಾಲಿಗೆ ಬಂತಾ ಮೇಡಂ?”

“ನಮ್ಮಜ್ಜಿ ಅಷ್ಟೊಂದು ಸುಳ್ಳು ಹೇಳ್ತಿರ್ಲಿಲ್ಲ.”

ಶನಿವಾರ ಜನ ಹೋದ ಮೇಲೆ ಸೋಮಮ್ಮ ಅಡುಗೆಮನೆಯಿಂದ ಹೊರಬಂದು ಅವಳನ್ನು ತಡೆದು ನಿಲ್ಲಿಸಿದರು.

“ಸಾಕು ಮಾಡವ್ವ. ನಿಂಗೆ ಗೊತ್ತಾ, ನಿಮ್ಮೂರಿಂದ ಬಂದ ಮಾರ್ನೆ ದಿನ ಮನೆದೇವ್ರತ್ರ ಹೂ ಕೇಳುದ್ವಿ. ಎಡಕ್ಕೆ ಬಿತ್ತು. ಬಲಕ್ಕೆ ಬಿದ್ರೆ ತಾನೇ ಮದುವೆ? ಬ್ಯಾಡ ಅಂತ ಹೇಳಿ ಕಳ್ಸೋಣ ಅಂದ್ರೆ ಇವ್ನು ಬುಡ್ನಿಲ್ಲ. ಸೋಮವಾರ ಸೋಮವಾರ ಓಗಿ ಇನ್ನೊಂದ್ಸಲ ಕೇಳಿ ಪೂಜಾರಪ್ಪ ಅಂತ ಕುಂತ್ಕತ್ತಾನೆ. ಎಡಕ್ಕೇ ಬೀಳ್ತದೆ. ಎದ್ದು ಬತ್ತಾನೆ. ದೇವಸ್ಥಾನದಲ್ಲಿ ಎಲ್ರೂ ನಗ್ತಾವ್ರೆ.”

ಪ್ರಮೀಳಾಳ ಎದೆಯಲ್ಲಿ ಗಂಟು ಕಟ್ಟಿದ್ದೇನೋ ಸಡಿಲವಾಯಿತು. ಮರುಕ್ಷಣವೇ ಇನ್ನೊಂದು ಕಡೆ ಬಿಗಿಯಿತು. ಸೋಮಮ್ಮನ ಹಿಂದೆ, ಬಾಗಿಲಲ್ಲಿ ದಿಲೀಪ ನಿಂತಿದ್ದ.

“ವಾರವಾರ ದೇವರನ್ನ ಕೇಳಿದ್ರಿ,” ಎಂದಳು ಅವನಿಗೆ. “ನನ್ನ ಒಂದ್ಸಲ ಕೇಳಿದ್ರಾ? ಕಿರಂಗೂರು ಆ ದೇವಸ್ಥಾನಕ್ಕಿಂತ ದೂರ ಇತ್ತಾ?”

ಅವನು ಬಾಯಿ ತೆರೆದ. ಮಾತು ಬರಲಿಲ್ಲ. ಕಥೆಯಲ್ಲಿದ್ದಂತೆಯೇ.

ಭಾನುವಾರ, ಕೊನೆಯ ದಿನ, ಪ್ರಮೀಳಾ ಹಸಿರು ರೇಷ್ಮೆ ಸೀರೆಯುಟ್ಟು ಮಲ್ಲಿಗೆ ಮುಡಿದು ಬಂದಳು. ಜೊತೆಗೆ ಕಿರಂಗೂರಿನ ನಾಲ್ಕಾರು ಹೆಂಗಸರು, ಮುಂದೆ ಕೋಲೂರಿಕೊಂಡು ಚಿಕ್ಕಬೋರಮ್ಮ. ಪ್ರಮೀಳಾ ತೊಟ್ಟಿಯಲ್ಲಿ ಚಾಪೆ ಹಾಸಿ ಅವರನ್ನು ಕೂರಿಸಿ, ನೆರೆದ ಜನಕ್ಕೆ ಹೇಳಿದಳು. “ಇವತ್ತು ಈ ಮನೇಲಿ ನೋಡೋದು ಕಂಬ ಬಾಗಿಲು ಅಲ್ಲ. ಗಂಡು ನೋಡೋ ಶಾಸ್ತ್ರ. ಎಲ್ಲರಿಗೂ ಬಿಟ್ಟಿ.”

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಂಗಸರು ಮುಂದಕ್ಕೆ ಜರುಗಿ ಕೂತರು. ಸೋಮಮ್ಮ ಅಡುಗೆಮನೆ ಬಾಗಿಲಲ್ಲಿ ಕಲ್ಲಾದರು.

ದಿಲೀಪ ಸುಮ್ಮನೆ ಒಳಗೆ ಹೋದ. ಓಡಿಹೋದ ಎಂದುಕೊಂಡಳು ಪ್ರಮೀಳಾ. ಅವನು ತಟ್ಟೆಯಲ್ಲಿ ಕಾಫಿ ಲೋಟಗಳನ್ನಿಟ್ಟುಕೊಂಡು, ತಲೆ ತಗ್ಗಿಸಿ, ಲೋಟಗಳು ಕಿಣಿಕಿಣಿ ನಡುಗುತ್ತಿರಲು ಹೊರಬಂದ.

“ಇಂಗ್ ಬಾ ಮಗ, ಬೆಳಕಿಗೆ ಬಾ,” ಎಂದಳು ಚಿಕ್ಕಬೋರಮ್ಮ. “ಒಸಿ ನಡಿ ನೋಡವಾ. ಕಾಲು ನೆಟ್ಗವೆ. ಹಾಡು ಬತ್ತದಾ? ಬರಾಕಿಲ್ವಾ. ಓಗ್ಲಿ ಬುಡು. ರಾಗಿಮುದ್ದೆ ಕಟ್ಟೀಯಾ?”

“ಕಲೀತೀನಿ ಅಜ್ಜಿ.”

“ಕಲ್ತಿಲ್ಲ ಅನ್ನು.”

ನಗು ತೊಟ್ಟಿಯ ತುಂಬ ಹರಿಯಿತು. ಅವನು ಪ್ರಮೀಳಾಳ ಮುಂದೆ ತಟ್ಟೆ ಹಿಡಿದ. ಅವಳು ಸಕ್ಕರೆ ಹಾಕಿದೀರಾ ಎಂದು ಕೇಳಿದಳು. ಹಾಕಿದೀನಿ ಅಂದ. ಗುಟುಕು ಕುಡಿದಳು. ಗಾಬರಿಯಲ್ಲಿ ಹಾಕಿರಲಿಲ್ಲ. ಹಾಕದಿದ್ದರೂ ನಡೆಯುತ್ತಿತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಕಾಫಿಯ ಜೊತೆ ನುಂಗಿಕೊಂಡಳು.

“ಹುಡುಗಂಗೆ ಮಾತು ಬರ್ತದಾ?” ಎಂದು ಮಾತ್ರ ಕೇಳಿದಳು.

ದಿಲೀಪ ತಟ್ಟೆಯನ್ನು ಕೆಳಗಿಟ್ಟು ಮೊದಲು ತಾಯಿಯ ಕಡೆ ತಿರುಗಿದ.

“ಅವ್ವ, ಹೂ ಎಡಕ್ಕೇ ಬಿತ್ತು. ಕೇಳಿದಾಗೆಲ್ಲ ಎಡಕ್ಕೇ ಬಿತ್ತು. ಆದ್ರೂ ನಂಗೆ ಇವ್ರೇ ಬೇಕು.” ಆಮೇಲೆ ಪ್ರಮೀಳಾಳ ಕಡೆ. “ದೇವರು ಬಲಕ್ಕೆ ಕೊಟ್ರೆ ಅವ್ವಂಗೆ ಎದುರಾಡೋದು ತಪ್ತದೆ ಅಂತ ಕಾದೆ. ಹೆದರಿಕೆ. ಅದಕ್ಕೆ ನಿಮ್ಮನ್ನ ಕೇಳ್ಲಿಲ್ಲ. ಈಗ ಕೇಳ್ತಿದೀನಿ. ಒಪ್ತೀರಾ?”

ಸೋಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬೇಡ ಎಂದು ಮಾತ್ರ ಅನ್ನಲಿಲ್ಲ.

ಪ್ರಮೀಳಾಗೆ ಆ ಕ್ಷಣವೇ ಹೂಂ ಅಂದುಬಿಡುವಷ್ಟು ಆಸೆಯಾಯಿತು. ಆದರೆ ಅವಳ ಹಿಂದೆ ಒಂದು ಯುಗಾದಿ, ಒಂದು ಗೌರಿಹಬ್ಬ, ನಾಗಮಂಗಲದವರು ಕುಡಿಯದೆ ಬಿಟ್ಟ ಕಾಫಿ, ಎಲ್ಲವೂ ನಿಂತು ನೋಡುತ್ತಿದ್ದವು.

“ಊರಿಗೆ ಹೋಗಿ ಹೇಳಿ ಕಳಿಸ್ತೀವಿ,” ಎಂದಳು.

ಹೊಸ್ತಿಲ ಬಳಿ ನಿಂತು ಜಡೆಯಿಂದ ಒಂದು ಮಲ್ಲಿಗೆ ಬಿಡಿಸಿ, ಅವನು ನೋಡುತ್ತಿರುವಂತೆಯೇ, ಎಡಗಡೆ ಗಿಳಿಯ ಕೊಕ್ಕಿಗೆ ಸಿಕ್ಕಿಸಿದಳು. ಅವನ ಮುಖದಿಂದ ಬಣ್ಣ ಇಳಿದುಹೋಗುವುದನ್ನು ಕಣ್ತುಂಬ ನೋಡಿ, ಅಜ್ಜಿಯ ಕೈ ಹಿಡಿದು ನಡೆದಳು.

ಕಿರಂಗೂರಿನ ಮೇಲೆ ಹೋಗುವ ಪಾಂಡವಪುರದ ಬಸ್ಸು ಹತ್ತಿ, ಅದು ಹೊರಟ ಮೇಲೆ ಚಿಕ್ಕಬೋರಮ್ಮ ಅವಳ ತೊಡೆಗೆ ಚಿವುಟಿದಳು. “ಯಾಕ್ಲೇ ಕೂಸೆ ಎಡಕ್ಕಿಟ್ಟೆ? ಎಷ್ಟ್ ಚೆನ್ನಾಗ್ ಕೇಳ್ದ ಉಡುಗ.”

“ನನ್ನ ದೇವರು ಎಡಕ್ಕೆ ಕೊಟ್ರೆ ಒಪ್ಪಿಗೆ ಕಣಜ್ಜಿ. ಅದನ್ನ ಅವರೇ ಬಂದು ಕೇಳ್ಕೊಳ್ಳಲಿ.”

ಕಂಡಕ್ಟರು ಹಿಂದಿನ ಬಾಗಿಲಿಂದ ಕೂಗಿದ, ಯಾರೋ ಬರಿಗಾಲಲ್ಲಿ ಓಡಿಬರ್ತಾವ್ರೆ, ನಿಲ್ಲಿಸೋದಾ ಎಂದು. ಪ್ರಮೀಳಾ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಧೂಳಿನ ನಡುವೆ ದಿಲೀಪ, ಎತ್ತಿದ ಕೈಯಲ್ಲಿ ಒಂದು ಮಲ್ಲಿಗೆ.

ಅವಳು ಪಕ್ಕದ ಸೀಟಿನ ಮೇಲಿದ್ದ ಚೀಲವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ಜಾಗ ಮಾಡಿದಳು.

“ನಿಲ್ಲಿಸಿ ಅಣ್ಣ,” ಎಂದಳು. “ಆದ್ರೆ ಈಗ್ಲೇ ಬೇಡ. ಇನ್ನೊಂಚೂರು ಓಡ್ಲಿ.”