ಆಫ್ರಾಳ ಸ್ವರ

“ಉಪ್ಪಾ! ಇವತ್ತು ಶಾಲೆಯಲ್ಲಿ ಏನು ತೋರಿಸಿದರು ಗೊತ್ತುಂಟಾ?” ಬ್ಯಾಗನ್ನೂ ಇಳಿಸದೆ ಆಫ್ರಾ ಫೋನಿನಲ್ಲಿ ಕೂಗಿದಳು. ಮಡಂತ್ಯಾರಿನಿಂದ ಬಸ್ಸಿನಲ್ಲಿ ನಿಂತು ಬರುವಾಗಲೇ ಅಪ್ಪನಿಗೆ ಹೇಳಬೇಕಾದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಳು.

“ಹೇಳು ಉಝ್ಮಾ, ಹೇಳು,” ಎಂದರು ದುಬೈಯಿಂದ ಉಪ್ಪ.

ಉಝ್ಮಾ ಅಂತೆ! ಉಝ್ಮಾ ಅವಳ ಅಕ್ಕ. ಕಳೆದ ವಾರವೂ ಉಪ್ಪ ಹೀಗೇ ಮಾಡಿದ್ದರು. ಅವರು ಊರಿಗೆ ಬರದೆ ನಾಲ್ಕು ವರ್ಷ. ಅಲ್ಲಿಂದ ವಿಡಿಯೋ ಕಾಲ್ ಕೂಡ ಸರಿಯಾಗಿ ಸಿಗುವುದಿಲ್ಲ.

“ನಾನು ಆಫ್ರಾ!”

“ಅಯ್ಯೋ, ಆಫ್ರಾನಾ? ನಿಮ್ಮಿಬ್ಬರ ಸ್ವರ ಒಂದೇ ಹಾಗೆ ಕೇಳ್ತದೆ.”

ಆಫ್ರಾಳ ಸಿಟ್ಟು ನೆತ್ತಿಗೇರಿತು. “ಸಮುದ್ರದ ನಡುವೆ ಒಂದು ದ್ವೀಪ ಉಂಟು. ಅಲ್ಲಿ ಸಾವಿರಾರು ಹಕ್ಕಿಮರಿಗಳು ಒಟ್ಟಿಗೆ ಕಿರುಚ್ತವೆ. ಆದರೂ ಅಪ್ಪ ಹಕ್ಕಿ ಮೀನು ತಂದು, ಸ್ವರ ಕೇಳಿಯೇ ಸೀದಾ ತನ್ನ ಮರಿ ಹತ್ತಿರ ಹೋಗ್ತದೆ. ಶಶಿಪ್ರಭಾ ಟೀಚರ್ ವಿಡಿಯೋ ತೋರಿಸಿದರು. ನಿಮಗೆ ಇರುವುದೇ ಇಬ್ಬರು. ಗೊತ್ತಾಗುವುದಿಲ್ಲವಾ?”

ಫೋನನ್ನು ಮಂಚದ ಮೇಲೆ ಎಸೆದಳು.

“ಉಪ್ಪನ ಹತ್ತಿರ ಹೀಗಾ ಮಾತಾಡುವುದು?” ಉಮ್ಮ ಗದರಿದರು.

ಆಫ್ರಾ ಒಳಗೆ ಹೋಗಿ ದಡಾರನೆ ಬಾಗಿಲು ಹಾಕಿದಳು. ಚಾ ಬೇಡ, ತಿಂಡಿ ಬೇಡ. ಉಪ್ಪನೂ ಬೇಡ.

ಸ್ವಲ್ಪ ಹೊತ್ತಿಗೆ ಉಝ್ಮಾ ಫೋನ್ ಹಿಡಿದು ಬಂದಳು. “ಉಪ್ಪ ವಾಯ್ಸ್ ಮೆಸೇಜ್ ಕಳಿಸಿದ್ದಾರೆ, ನಿನಗೆ.”

“ನನಗೆ ಬೇಡ!”

ಉಝ್ಮಾ ಕೇಳಲಿಲ್ಲ, ಒತ್ತಿಯೇಬಿಟ್ಟಳು.

“ಉಪ್ಪಾ, ನನ್ನ ಅಲ್ಲು ಬಿತ್ತು! ಮಾಡಿನ ಹಂಚಿನ ಮೇಲೆ ಬಿಸಾಡಿದೆ! ನಾಳೆ ಬರ್ತೀರಾ?” ಯಾವುದೋ ಪುಟ್ಟ ಮಗುವಿನ ಕೀರಲು ಸ್ವರ.

ಆಫ್ರಾಳ ಕೋಪ ಇನ್ನೂ ಹೆಚ್ಚಾಯಿತು. “ಯಾರದು ಈ ಮಗು? ನನ್ನ ಸ್ವರ ಗೊತ್ತಿಲ್ಲ, ಊರವರ ಮಕ್ಕಳದ್ದೆಲ್ಲ ಇಟ್ಟುಕೊಂಡಿದ್ದಾರಾ?”

ಉಝ್ಮಾ ಬಿದ್ದು ಬಿದ್ದು ನಕ್ಕಳು. “ನೀನೇ ಮಾರಾಯ್ತಿ! ಉಪ್ಪ ದುಬೈಗೆ ಹೋದ ಮರುದಿನ ನೀನು ಕಳಿಸಿದ್ದು. ಆಗ ನೀನು ಒಂದನೇ ಕ್ಲಾಸ್.”

ಅಷ್ಟರಲ್ಲಿ ಉಪ್ಪನ ಇನ್ನೊಂದು ಮೆಸೇಜ್ ಬಂತು. “ಕೆಲಸ ಮುಗಿಸಿ ಬಂದು ದಿನಾ ಇದನ್ನೇ ಕೇಳ್ತೇನೆ ಆಫ್ರಾ. ಈ ಸ್ವರವನ್ನು ಸಾವಿರ ಮಕ್ಕಳ ನಡುವೆಯೂ ಗುರ್ತು ಹಿಡೀತೇನೆ.”

ಆಫ್ರಾ ಫೋನನ್ನು ಕಸಿದುಕೊಂಡಳು. ಆ ಹಲ್ಲು ಬಿದ್ದ ಮಗುವಿನ ಮಾತನ್ನು ಇನ್ನೊಮ್ಮೆ ಕೇಳಿದಳು, ಮತ್ತೊಮ್ಮೆ ಕೇಳಿದಳು. ಎಷ್ಟು ಕೇಳಿದರೂ ಅದು ತನ್ನದೇ ಸ್ವರ ಎಂದು ಅವಳಿಗೆ ಅನ್ನಿಸಲೇ ಇಲ್ಲ.

ಕೋಪ ಪೂರ್ತಿ ಇಳಿದಿರಲಿಲ್ಲ. ಆದರೂ ಮೈಕ್ ಒತ್ತಿ ಹಿಡಿದಳು.

“ಉಪ್ಪಾ, ಅದು ಹಳೆಯದು. ಈಗ ನನ್ನ ಸ್ವರ ಹೀಗುಂಟು. ಇದನ್ನೂ ದಿನಾ ಕೇಳಿ.”