ಎರಡು ಮಹಡಿಯ ಆಕಳಿಕೆ

"ಬಾಯಿ ಮುಚ್ಚೇ!" ಎಂದು ಅಜ್ಜಿ ಕೂಗಿದಳು.

ಮುಚ್ಚುವುದು ಮಿರ್ಸೀನಿಯ ಕೈಯಲ್ಲಿರಲಿಲ್ಲ. ಆಕಳಿಕೆ ಆಗಲೇ ಅರ್ಧ ದಾರಿಗೆ ಬಂದುಬಿಟ್ಟಿತ್ತು. ಬಾಯಿ ಕಿವಿಯಿಂದ ಕಿವಿಯವರೆಗೆ ತೆರೆದುಕೊಂಡಿತು. ಕಣ್ಣಲ್ಲಿ ನೀರು ಬಂತು. ಕೈಯಲ್ಲಿದ್ದ ಚಮಚ ಹುರುಳಿಕಾಯಿ ಸಾರಿನ ತಟ್ಟೆಗೆ ಬಿತ್ತು.

"ಹದಿನಾಲ್ಕು!" ಎಂದಳು ಅಜ್ಜಿ. "ಸ್ಕೂಲಿಂದ ಬಂದಾಗಿಂದ ಹದಿನಾಲ್ಕು ಸಲ ಆಕಳಿಸಿದೀಯ. ನನ್ನ ಕೂಸಿಗೆ ಯಾರದೋ ಕಣ್ಣು ಬಿದ್ದಿದೆ. ಫ್ತೂ, ಫ್ತೂ, ಫ್ತೂ!"

ದೃಷ್ಟಿ ಹೋಗಲಿ ಎಂದು ಉಗುಳಿದ ಹಾಗೆ ಮಾಡುವುದಷ್ಟೇ ಶಾಸ್ತ್ರ. ಆದರೆ ಮೂರನೆಯದು ನಿಜವಾಗಿಯೇ ಬಂದು ಮಿರ್ಸೀನಿಯ ಮೂಗಿನ ಮೇಲೆ ಬಿತ್ತು.

"ದೃಷ್ಟಿ ಅಲ್ಲ ಅಜ್ಜಿ," ಎಂದಳು ಅವಳು ಮೂಗು ಒರೆಸಿಕೊಳ್ಳುತ್ತಾ. "ನಿದ್ದೆ ಬರ್ತಿಲ್ಲ, ಅಷ್ಟೇ."

"ಯಾಕೆ ಬರ್ತಿಲ್ಲ?"

ಮಿರ್ಸೀನಿ ಸಾರಿನೊಳಗಿಂದ ಚಮಚ ಹೆಕ್ಕತೊಡಗಿದಳು.

"ನೋಡಿದ್ಯಾ? ಕಾರಣವೇ ಇಲ್ಲ. ಅದಕ್ಕೇ ಹೇಳಿದ್ದು ದೃಷ್ಟಿ ಅಂತ!"

ಕಾರಣ ಇತ್ತು. ಚೆನ್ನಾಗಿಯೇ ಇತ್ತು. ಆದರೆ ಅದನ್ನು ಅಜ್ಜಿಗೆ ಹೇಳುವುದು ಹೇಗೆ?

ಹೋದ ಗುರುವಾರ ಸ್ಕೂಲಲ್ಲಿ ಚೀಟಿ ಎತ್ತಿದ್ದರು. ಅಕ್ಟೋಬರ್ ಇಪ್ಪತ್ತೆಂಟರ ರಾಷ್ಟ್ರೀಯ ದಿನದ ಮೆರವಣಿಗೆಯಲ್ಲಿ ಶಾಲೆಯ ಬಾವುಟ ಹಿಡಿಯುವವರು ಯಾರು ಎಂದು ಆರನೇ ಕ್ಲಾಸಿನವರ ಹೆಸರನ್ನೆಲ್ಲ ಒಂದು ಟೋಪಿಗೆ ಹಾಕಿ ಕಲಕಿದರು. ಬಂದದ್ದು ಮಿರ್ಸೀನಿಯ ಹೆಸರು. ಕ್ಲಾಸೆಲ್ಲ ಚಪ್ಪಾಳೆ ತಟ್ಟಿತು. ಮಿರ್ಸೀನಿ ಮಾತ್ರ ಬೆಂಚಿನ ಕೆಳಗೆ ತನ್ನ ಕಾಲುಗಳನ್ನು ನೋಡಿಕೊಂಡಳು.

ಯಾಕೆಂದರೆ ಸೀಟಿ ಊದಿದಾಗ ಎಲ್ಲರೂ ಎಡಗಾಲು ಮುಂದಿಡಬೇಕು. ಮಿರ್ಸೀನಿ ಬಲಗಾಲು ಇಡುತ್ತಾಳೆ. ಯಾವಾಗಲೂ! ಬೇಕೆಂದೇ ಅಲ್ಲ. ಸೀಟಿ ಕೇಳುತ್ತಲೇ ತಲೆ 'ಎಡ' ಎನ್ನುತ್ತದೆ, ಅಷ್ಟರಲ್ಲಿ ಬಲಗಾಲು ಹೊರಟೇಬಿಟ್ಟಿರುತ್ತದೆ. ಇಷ್ಟು ವರ್ಷ ಅವಳು ಹಿಂದಿನ ಸಾಲಿನಲ್ಲಿ ಇರುತ್ತಿದ್ದಳು. ಯಾರೂ ನೋಡುತ್ತಿರಲಿಲ್ಲ. ಈಗ ಎಲ್ಲರಿಗಿಂತ ಮುಂದೆ, ಬಾವುಟ ಹಿಡಿದು ನಡೆಯಬೇಕು. ಊರಿಗೆ ಊರೇ ನೋಡುತ್ತದೆ.

ಅದೂ ಸಾಲದೆಂಬಂತೆ ಅಜ್ಜಿ ಫೋನ್ ಹಿಡಿದು ಕುಳಿತಳು. ಥೆಸ್ಸಲೊನೀಕಿಯ ನೆಂಟರು ಬರುತ್ತಾರೆ, ದ್ರಾಮಾದವರು ಬರುತ್ತಾರೆ, ಜರ್ಮನಿಯ ಮಾವ ವಿಮಾನದ ಟಿಕೆಟ್ಟನ್ನೇ ತೆಗೆದುಬಿಟ್ಟಿದ್ದಾನೆ. ಒಟ್ಟು ಹತ್ತೊಂಬತ್ತು ಜನ! ಈಗ "ನಂಗೆ ಬಾವುಟ ಬೇಡ" ಎಂದರೆ ಅಜ್ಜಿಯ ಮರ್ಯಾದೆ ಏನಾಗಬೇಡ?

ಅಂದಿನಿಂದ ನಿದ್ದೆ ಮಿರ್ಸೀನಿಯ ಕಡೆ ಸುಳಿದಿಲ್ಲ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅಮ್ಮ ಬಿಸಿ ಹಾಲು ಕೊಟ್ಟಳು, ಟ್ಯಾಬ್ ಕಿತ್ತಿಟ್ಟಳು, "ಕುರಿ ಎಣಿಸು" ಎಂದಳು. ಮಿರ್ಸೀನಿ ಎಣಿಸಿದಳು. ಕುರಿಗಳು ಸಾಲಾಗಿ ಬಂದು ಎಡ-ಬಲ ಎಡ-ಬಲ ಎಂದು ಮಾರ್ಚ್ ಮಾಡತೊಡಗಿದವು. ಒಂದು ಕುರಿಯೂ ತಪ್ಪು ಕಾಲಿಡಲಿಲ್ಲ. ಅವಳಿಗೆ ಅಳುವೇ ಬಂತು.

ಇವತ್ತು ಬೆಳಿಗ್ಗೆ ಅವಳು ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಅಮ್ಮನ ಚಪ್ಪಲಿ ಹಾಕಿಕೊಂಡು ಸ್ಕೂಲಿಗೆ ಹೋಗಿದ್ದಳು. ಭೂಗೋಳದ ಕ್ಲಾಸಿನಲ್ಲಿ ನಕಾಶೆಯ ಮುಂದೆ ನಿಂತಲ್ಲೇ ನಿದ್ದೆಹೋಗಿ ಹಣೆಯನ್ನು ಇಟಲಿಯ ಮೇಲೆ ಒರಗಿಸಿಬಿಟ್ಟಿದ್ದಳು.

"ಏಳು," ಎಂದಳು ಅಜ್ಜಿ. "ಪೊಲಿಕ್ಸೇನಿನ ಕರೀತೀನಿ."

ಪೊಲಿಕ್ಸೇನಿ ಅತ್ತೆ ಕೆಳಗಿನ ಮಹಡಿಯವರು. ಅವರ ಮಲಗುವ ಕೋಣೆ ಸರಿಯಾಗಿ ಮಿರ್ಸೀನಿಯ ಕೋಣೆಯ ಕೆಳಗಿತ್ತು. ದೃಷ್ಟಿ ತೆಗೆಯುವುದರಲ್ಲಿ ಕವಾಲ ಊರಿನ ಆ ಬೀದಿಯಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಮಕ್ಕಳಿಗೆ ತೆಗೆದಿದ್ದರು, ಮದುಮಗಳಿಗೆ ತೆಗೆದಿದ್ದರು, ಒಮ್ಮೆ ಯಾರದೋ ಹೊಸ ಸ್ಕೂಟರಿಗೂ ತೆಗೆದಿದ್ದರು.

ಅವರು ಬಂದವರೇ ಅಡುಗೆಮನೆಯ ಮೇಜಿನ ಮುಂದೆ ಕುಳಿತರು. ತಟ್ಟೆಗೆ ನೀರು ಹಾಕಿಸಿದರು. ಬೆರಳನ್ನು ಆಲಿವ್ ಎಣ್ಣೆಯಲ್ಲಿ ಅದ್ದಿ, ಯಾರಿಗೂ ಕೇಳದ ಹಾಗೆ ಮಂತ್ರ ಮಣಮಣಿಸಿ, ಒಂದು ಹನಿ ಬಿಟ್ಟರು. ಹನಿ ನೀರಲ್ಲಿ ಹರಡಿ ಮಾಯವಾದರೆ ದೃಷ್ಟಿ ತಾಗಿದೆ ಎಂದರ್ಥ. ಗುಂಡಗೆ ತೇಲಿದರೆ ಏನೂ ಇಲ್ಲ.

ಹನಿ ಗುಂಡಗೆ ತೇಲಿತು.

"ದೃಷ್ಟಿ ಇಲ್ಲ," ಎಂದರು ಅತ್ತೆ. ಹೇಳಿದವರೇ ದೊಡ್ಡದಾಗಿ ಆಕಳಿಸಿದರು.

"ಆ! ನೀನೂ ಆಕಳಿಸ್ದೆ!" ಅಜ್ಜಿ ಮೇಜು ಗುದ್ದಿದಳು. ಅವಳು ಗುದ್ದಿದ್ದಕ್ಕೂ ಕಾರಣವಿತ್ತು. ದೃಷ್ಟಿ ತೆಗೆಯುವವರಿಗೆ ಆಕಳಿಕೆ ಬಂದರೆ ದೃಷ್ಟಿ ಜೋರಾಗಿದೆ ಎಂದೇ ಲೆಕ್ಕ. "ಹಾಗಾದ್ರೆ ದೃಷ್ಟಿ ಇದೆ!"

"ಹನಿ ಇಲ್ಲ ಅನ್ನುತ್ತೆ, ಗ್ಲಿಕೇರಿಯಾ," ಎಂದರು ಅತ್ತೆ ಅಜ್ಜಿಗೆ.

"ನಿನ್ನ ಬಾಯಿ ಇದೆ ಅನ್ನುತ್ತೆ!"

"ಎಣ್ಣೆ ಯಾವುದು?"

"ಎಣ್ಣೆಗೆ ಏನಾಗಿದೆ? ಥಾಸೋಸ್‌ನಲ್ಲಿ ನಮ್ಮಣ್ಣನ ತೋಟದ್ದು!"

"ಹಳೇದಿರಬೇಕು."

ಅಜ್ಜಿಯ ಮುಖ ಕೆಂಪಾಯಿತು. ಹಳೆಯದು ಎಂದು ಅವಳನ್ನೇ ಅಂದಿದ್ದರೂ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಅಂಗಡಿಯಿಂದ ತಂದಿದ್ದ ಎಣ್ಣೆ ತಂದಳು. ಹನಿ ತೇಲಿತು, ಅತ್ತೆ ಆಕಳಿಸಿದರು. ಅತ್ತೆಯ ಮನೆಯ ಎಣ್ಣೆಯನ್ನೂ ತರಿಸಿದ್ದಾಯಿತು. ಅದೂ ತೇಲಿತು. ಅತ್ತೆ ಎರಡು ಸಲ ಆಕಳಿಸಿದರು. ಅವರನ್ನು ನೋಡಿ ಮಿರ್ಸೀನಿ, ಮಿರ್ಸೀನಿಯನ್ನು ನೋಡಿ ಅಜ್ಜಿ, ಕಡೆಗೆ ಕಿಟಕಿಯಲ್ಲಿ ಮಲಗಿದ್ದ ಬೆಕ್ಕೂ ಆಕಳಿಸಿತು.

"ಬೆಕ್ಕಿಗೂ ತಾಗಿದೆ!" ಎಂದು ಅಜ್ಜಿ ಬೆಚ್ಚಿಬಿದ್ದಳು. "ತಾಳಿ. ನಾಲ್ಕನೇ ಮಹಡಿಯವರ ಹತ್ರ ಕ್ರೀಟ್‌ನ ಎಣ್ಣೆ ಇದೆ. ಅದು ಸುಳ್ಳು ಹೇಳಲ್ಲ." ಬಟ್ಟಲು ಹಿಡಿದು ಮೆಟ್ಟಿಲು ಹತ್ತಿ ಹೋದಳು.

ಅತ್ತೆ ಬೆರಳನ್ನು ನೀರಿನ ತಟ್ಟೆಯಲ್ಲಿ ಬಿಟ್ಟುಕೊಂಡೇ ತೂಕಡಿಸತೊಡಗಿದರು.

"ಅತ್ತೆ," ಎಂದಳು ಮಿರ್ಸೀನಿ ಮೆಲ್ಲಗೆ. "ನೀವ್ಯಾಕೆ ಆಕಳಿಸ್ತಿದೀರಿ?"

ಅತ್ತೆ ಕಣ್ಣು ಬಿಟ್ಟು ಬಾಗಿಲ ಕಡೆ ನೋಡಿದರು. "ನಿನ್ನಜ್ಜಿಗೆ ಹೇಳಬೇಡ ಮತ್ತೆ. ನನ್ನ ಅನೆಸ್ತಿಸ್ ಬಂದಿದಾನೆ."

ಮಿರ್ಸೀನಿಗೆ ಮೈ ಜುಮ್ಮೆಂದಿತು. ಅತ್ತೆಯ ಗಂಡ ಅನೆಸ್ತಿಸ್ ಮಾವ ಊರಿನ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ ಬಾರಿಸುತ್ತಿದ್ದವರು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು.

"ರಾತ್ರಿಯಾದ್ರೆ ಸಾಕು, ಮಾಡಿನ ಮೇಲೆ ಹೆಜ್ಜೆ. ಧಪ್, ಧಪ್, ಧಪ್! ಎಂಟು ಹೆಜ್ಜೆ ಆ ಕಡೆ, ಎಂಟು ಹೆಜ್ಜೆ ಈ ಕಡೆ. ಆಮೇಲೆ ನಿಲ್ತಾನೆ, ಮತ್ತೆ ಮೊದಲಿಂದ ಶುರು. ಇದ್ದಾಗ ತಲೆ ಮೇಲೆ ಕೂತಿದ್ದ, ಈಗ ತಲೆ ಮೇಲೆ ನಡೀತಿದಾನೆ."

"ಹೆದರಿಕೆ ಆಗಲ್ವಾ?"

"ಅವನಿಗೆ ಹೆದರೋದಾ? ಚೆನ್ನಾಗಿ ಬೈತೀನಿ. ಮಲ್ಕೊಳೋ ಮಾರಾಯ, ಜನಕ್ಕೆ ನಿದ್ದೆ ಬೇಡ್ವಾ ಅಂತೀನಿ. ಎರಡು ವರ್ಷ ಆಗಿತ್ತು ಕಣೇ, ಒಬ್ಬರನ್ನ ಬೈದು." ಅತ್ತೆ ನಕ್ಕರು. "ನಿನ್ನೆ ಅವನಿಗೆ ಅಂತ ಕಾಫಿ ಮಾಡಿಟ್ಟೆ. ಕುಡೀಲಿಲ್ಲ. ಚೆಲ್ಲೋದ್ಯಾಕೆ ಅಂತ ನಾನೇ ಕುಡಿದೆ. ಆಮೇಲೆ ನಿದ್ದೆ ಎಲ್ಲಿಂದ ಬರಬೇಕು?"

ಮಿರ್ಸೀನಿಯ ಕಿವಿ ಬಿಸಿಯಾಯಿತು. ಮಂಚದಿಂದ ಬೀರುವಿನವರೆಗೆ ಎಂಟು ಹೆಜ್ಜೆ. ರಾತ್ರಿ ನಿದ್ದೆ ಬಾರದಾಗ ಅವಳು ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಮಾರ್ಚ್ ಅಭ್ಯಾಸ ಮಾಡಿದ್ದಳು. ಯಾರಿಗೂ ಕೇಳುವುದಿಲ್ಲ ಎಂದುಕೊಂಡಿದ್ದಳು.

ಸುಮ್ಮನಿದ್ದುಬಿಡಬಹುದಿತ್ತು. ಅತ್ತೆ ಎಷ್ಟು ಖುಷಿಯಾಗಿದ್ದರು! ಆದರೆ ಅವರ ಕಣ್ಣಿನ ಕೆಳಗೂ ತನಗಿದ್ದಂಥದೇ ಕಪ್ಪು ಇತ್ತು. ಇವತ್ತೂ ಅವರು ಕಾಫಿ ಮಾಡಿ ಕಾಯುತ್ತಾರೆ.

"ಅತ್ತೆ... ಅದು ಮಾವ ಅಲ್ಲ. ನಾನು."

ಒಮ್ಮೆ ಬಾಯಿ ಬಿಟ್ಟ ಮೇಲೆ ಎಲ್ಲವೂ ಬಂತು. ಟೋಪಿ, ಚೀಟಿ, ಬಲಗಾಲು, ಹತ್ತೊಂಬತ್ತು ನೆಂಟರು, ಕುರಿಗಳು. ಹೇಳುತ್ತಾ ಹೇಳುತ್ತಾ ಅವಳು ಅತ್ತೇಬಿಟ್ಟಳು.

ಅತ್ತೆ ಬೆರಳನ್ನು ತಟ್ಟೆಯಿಂದ ತೆಗೆದು ಒರೆಸಿಕೊಂಡರು. "ಹಾಗಾದ್ರೆ ಅವನು ಬಂದಿರ್ಲಿಲ್ಲ," ಎಂದರು. ಮಿರ್ಸೀನಿಗೆ ತುಂಬ ಕೆಟ್ಟದೆನಿಸಿತು.

ಆಮೇಲೆ ಅತ್ತೆಯ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆ ಎಂದುಕೊಂಡರೆ, ನಗುತ್ತಿದ್ದರು! "ತಪ್ಪು ಕಾಲು! ಮನೇಲಿ ಅಭ್ಯಾಸ ಮಾಡುವಾಗ ಅವನೂ ಹೀಗೇ ನಿಂತು ಮತ್ತೆ ಮೊದಲಿಂದ ಶುರು ಮಾಡ್ತಿದ್ದ, ಅದಕ್ಕೇ ನಾನು ಅವನೇ ಅಂದ್ಕೊಂಡಿದ್ದು! ನಲವತ್ತು ವರ್ಷ ಡ್ರಮ್ ಹೊತ್ತ ಪುಣ್ಯಾತ್ಮ, ಒಂದು ದಿನ ಸರಿಯಾದ ಕಾಲಿಟ್ಟು ಹೊರಡಲಿಲ್ಲ."

"ನಿಜವಾಗ್ಲೂ? ಮತ್ತೆ ಏನು ಮಾಡ್ತಿದ್ರು?"

"ಒಂದು ಕುಪ್ಪಳಿಕೆ. ಏಳು, ತೋರಿಸ್ತೀನಿ."

ಅತ್ತೆ ಎದ್ದು ನಿಂತರು. ಬಲಗಾಲು ಇಟ್ಟರು, ಎಡಗಾಲು ಮುಂದಿಡುವ ಮೊದಲೇ ಅದೇ ಬಲಗಾಲಿನ ಮೇಲೆ ಚೂರೇ ಚೂರು ಕುಪ್ಪಳಿಸಿದರು, ಹೆಜ್ಜೆ ಸರಿಹೋಯಿತು. ಎಪ್ಪತ್ತು ವರ್ಷದ ಅತ್ತೆ ಅಡುಗೆಮನೆಯ ತುಂಬ ಮಾರ್ಚ್ ಮಾಡಿದರು. ಮಿರ್ಸೀನಿ ಹಿಂದೆ ಹಿಂದೆ ಹೋದಳು. ತಪ್ಪಿತು, ಕುಪ್ಪಳಿಸಿದಳು, ಸರಿಯಾಯಿತು! ಇಬ್ಬರೂ ಒಟ್ಟಿಗೆ ಆಕಳಿಸಿದರು.

ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಕೈಯಲ್ಲಿ ಕ್ರೀಟ್‌ನ ಎಣ್ಣೆ.

"ಅಯ್ಯೋ ದೇವರೇ," ಎಂದಳು. "ಪೂರ್ತಿ ತಲೆಗೇ ಏರಿದೆ!"

"ಕೂತ್ಕೋ ಗ್ಲಿಕೇರಿಯಾ," ಎಂದರು ಅತ್ತೆ. "ಮಗುಗೆ ದೃಷ್ಟಿ ಇಲ್ಲ, ಹೆದರಿಕೆ. ಅದಕ್ಕೆ ನನ್ನ ಹತ್ರ ಎಣ್ಣೆ ಇಲ್ಲ. ಅವಳೇ ಹೇಳ್ತಾಳೆ, ಕೇಳು."

ಮಿರ್ಸೀನಿ ಎರಡನೇ ಸಲ ಹೇಳಿದಳು. ಈ ಸಲ ಅಳಲಿಲ್ಲ. ಅಜ್ಜಿ ಎಣ್ಣೆಯ ಬಟ್ಟಲನ್ನು ಮಡಿಲಲ್ಲಿ ಹಿಡಿದುಕೊಂಡು ಕೇಳಿದಳು.

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಫೋನಲ್ಲಿದ್ದೆ."

ಅಜ್ಜಿ ಬಟ್ಟಲನ್ನು ಮೇಜಿನ ಮೇಲಿಟ್ಟು ಫೋನನ್ನು ದೂರ ತಳ್ಳಿದಳು. ಅದು ಅಪರೂಪ.

"ಬೇಡ ಅಂದ್ರೆ ಬೇಡ," ಎಂದಳು ಕಡೆಗೆ. "ನಾಳೆ ನಿಮ್ಮ ಟೀಚರಿಗೆ ಹೇಳ್ತೀನಿ. ಬಾವುಟ ಬೇರೆ ಯಾರಾದ್ರೂ ಹಿಡೀಲಿ."

ಮಿರ್ಸೀನಿ ತನ್ನ ಕಾಲುಗಳನ್ನು ನೋಡಿಕೊಂಡಳು. ಇನ್ನೊಮ್ಮೆ ಕುಪ್ಪಳಿಸಿ ನೋಡಿದಳು.

"ಹಿಡೀತೀನಿ," ಎಂದಳು. "ಆದ್ರೆ ಹತ್ತೊಂಬತ್ತು ಜನ ಬೇಡ."

"ಹತ್ತು?"

"ನಾಲ್ಕು."

"ಜರ್ಮನಿ ಮಾವ ಟಿಕೆಟ್ ತೆಗೆದಾಗಿದೆ ಕಣೇ!"

"ಬರ್ಲಿ. ಕಾಲು ನೋಡಬಾರದು ಅಂತ ಹೇಳು."

ಅಜ್ಜಿ ನಿಟ್ಟುಸಿರಿಟ್ಟು ಫೋನ್ ಕೈಗೆತ್ತಿಕೊಂಡಳು. ಅಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆಯಾಯಿತು. ಮೂರರಿಂದ ಐದೂವರೆಯವರೆಗೆ ಕಟ್ಟಡವೆಲ್ಲ ಮಲಗುವ ಹೊತ್ತು. ಯಾರೂ ಗದ್ದಲ ಮಾಡುವಂತಿಲ್ಲ. ಅಜ್ಜಿ ಫೋನನ್ನು ಮತ್ತೆ ಕೆಳಗಿಟ್ಟಳು. ಅತ್ತೆ ತಮ್ಮ ಎಣ್ಣೆಯ ಸೀಸೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಹೋದರು.

ಮಿರ್ಸೀನಿ ಹಾಸಿಗೆಯ ಮೇಲೆ ಬಿದ್ದುಕೊಂಡಳು. ಕೈಕಾಲು ಭಾರವಾದವು. ಕುರಿಗಳು ಬರಲಿಲ್ಲ. ಎಷ್ಟೋ ದಿನದ ಮೇಲೆ ನಿದ್ದೆ ತಾನಾಗಿಯೇ ಹತ್ತಿರ ಬರುತ್ತಿತ್ತು.

ಕೆಳಗಡೆ ಕೋಣೆಯ ಬಾಗಿಲು ಹಾಕಿದ ಸದ್ದಾಯಿತು. ಮಂಚ ಕಿರ್ರೆಂದಿತು. ಆಮೇಲೆ ಏನೂ ಇಲ್ಲ. ಅತ್ತೆಯ ಮಾಡಿನ ಮೇಲೆ ಇವತ್ತಿನಿಂದ ಯಾರೂ ನಡೆಯುವುದಿಲ್ಲ.

ಮಿರ್ಸೀನಿ ಕಣ್ಣು ಬಿಟ್ಟಳು. ಸ್ವಲ್ಪ ಹೊತ್ತು ಹಾಗೇ ಮಲಗಿದ್ದಳು. ಆಮೇಲೆ ಎದ್ದು, ಕಾಲುಚೀಲ ಬಿಚ್ಚಿಟ್ಟು, ಮಂಚದ ಪಕ್ಕ ನೆಟ್ಟಗೆ ನಿಂತಳು. ಬೇಕೆಂದೇ ಬಲಗಾಲು ಮುಂದಿಟ್ಟಳು. ಧಪ್! ಕುಪ್ಪಳಿಸಿದಳು. ಧಪ್, ಧಪ್, ಧಪ್. ಬೀರುವಿನವರೆಗೆ ಹೋಗಿ ನಿಂತು, ಉಸಿರು ಬಿಗಿಹಿಡಿದು ಕೇಳಿಸಿಕೊಂಡಳು.

ಕೆಳಗಿನಿಂದ ಪೊರಕೆಯ ಹಿಡಿಯಲ್ಲಿ ಮಾಡಿಗೆ ಎರಡು ಸಲ ಕುಟ್ಟಿದ ಸದ್ದು ಬಂತು.

"ಮಲ್ಕೊಳೋ ಮಾರಾಯ! ಜನಕ್ಕೆ ನಿದ್ದೆ ಬೇಡ್ವಾ?"

ಅದು ತನಗೆ ಹೇಳಿದ ಮಾತಲ್ಲ ಎಂದು ಮಿರ್ಸೀನಿಗೆ ಗೊತ್ತಿತ್ತು. ಅವಳು ಸದ್ದಿಲ್ಲದೆ ತುದಿಗಾಲಲ್ಲಿ ಮಂಚಕ್ಕೆ ಹಿಂತಿರುಗಿ, ಕಂಬಳಿ ಎಳೆದುಕೊಂಡು, ಹೇಳಿದ ಹಾಗೆ ಮಲಗಿದಳು.